‘ಪೇಪರ್ ಐದು’ ಅಂದರೆ ಜರ್ಮನಿಯಲ್ಲಿ ಯಾರಿಗೆ ಗೊತ್ತು?

(ದಾವಣಗೆರೆಯ ಪದವಿ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಅಂತಿಮ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿಕೊಂಡಿದ್ದೇನೆ.)

ಬೆಳಗ್ಗೆ ಇಲ್ಲಿಗೆ ಬರುವಾಗ ನಿಮ್ಮ ಮೇಷ್ಟ್ರು ನನ್ನನ್ನು ಎಪಿಎಂಸಿ ಯಾರ್ಡಿನ ಒಳಗಿಂದಲೇ ಕರೆದುಕೊಂಡು ಬಂದರು. ಒಬ್ಬ ದಲಾಲರು ಮೆಕ್ಕೆಜೋಳದ ಮೂಟೆಗೆ ಕಬ್ಬಿಣದ ಕೊಳವೆ ಚುಚ್ಚಿ, ಒಂದು ಹಿಡಿ ಕಾಳು ಎಳೆದು, ಅಂಗೈಯಲ್ಲಿ ಹರವಿ ನೋಡುತ್ತಿದ್ದರು. ಜರ್ಮನ್ನರು ಸ್ಯಾಂಪಲ್‌ಗೆ ‘ಷ್ಟಿಖ್‌ಪ್ರೋಬ’ ಅನ್ನುತ್ತಾರೆ. ಷ್ಟಿಖ್ ಅಂದರೆ ಚುಚ್ಚು, ಪ್ರೋಬ ಅಂದರೆ ಪರೀಕ್ಷೆ. ಮೊದಲ ಸಲ ಆ ಪದ ಕೇಳಿದಾಗ ನನಗೆ ನೆನಪಾಗಿದ್ದು ಪುಸ್ತಕದ ವ್ಯಾಖ್ಯೆ ಅಲ್ಲ, ಇದೇ ಕೊಳವೆ.

ನಾನು ಇಲ್ಲಿಗೆ ಬಂದಿರುವುದು ‘ಜರ್ಮನಿಗೆ ಹೋಗಿ’ ಅಂತ ಹುರಿದುಂಬಿಸಲಿಕ್ಕೆ ಅಲ್ಲ. ಆ ಕೆಲಸಕ್ಕೆ ಫ್ಲೆಕ್ಸ್ ಹಾಕಿಕೊಂಡು ಕೂತ ಏಜೆಂಟರು ಬೇಕಾದಷ್ಟಿದ್ದಾರೆ. ಹೋಗಬೇಕು ಅಂತ ಆಗಲೇ ಮನಸ್ಸು ಮಾಡಿದವರಿಗೆ ಅರ್ಜಿ ಅನ್ನುವ ವಸ್ತು ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಬೇಕು, ಅಷ್ಟೇ. ನಮ್ಮಜ್ಜ ಸೇರು, ಕೊಳಗದಲ್ಲಿ ಕಾಳು ಅಳೆಯುತ್ತಿದ್ದರು. ಮಂಡಿಯವರು ಕ್ವಿಂಟಲ್ ಲೆಕ್ಕ ಕೇಳುತ್ತಿದ್ದರು. ಕಾಳು ಅದೇ, ಅಳತೆ ಬೇರೆ. ಲೆಕ್ಕ ಬದಲಿಸುವಾಗ ಯಾರು ಎಚ್ಚರ ತಪ್ಪುತ್ತಾರೋ ಅವರಿಗೆ ನಷ್ಟ. ಜರ್ಮನಿಯ ಅರ್ಜಿಯೂ ಹೀಗೇ. ನಿಮ್ಮ ಬುದ್ಧಿ ಎಷ್ಟು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ನಿಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಇರುವುದು ಅವರ ಕೊಳಗದಲ್ಲಿ ಎಷ್ಟಾಗುತ್ತದೆ ಅಂತ ನೋಡುತ್ತಾರೆ.

ಇದನ್ನು ನಾನು ಕಲಿತದ್ದು ಏಟು ತಿಂದು. ಮೊದಲ ವರ್ಷ ಜರ್ಮನಿಯಲ್ಲಿ ಸಂಖ್ಯಾಶಾಸ್ತ್ರದ ಮಾಸ್ಟರ್ಸ್‌ಗೆ ಐದು ಕಡೆ ಅರ್ಜಿ ಹಾಕಿದೆ, ಐದೂ ಕಡೆಯಿಂದ ಇಲ್ಲ ಅಂತ ಬಂತು. ನಾಲ್ಕು ಪತ್ರಗಳಲ್ಲಿ ಕಾರಣ ಇರಲಿಲ್ಲ. ಐದನೆಯದರಲ್ಲಿ ಒಂದು ಸಾಲು ಇತ್ತು: ಸಂಖ್ಯಾಶಾಸ್ತ್ರೀಯ ಅನುಮಾನ, ಅಂದರೆ ಸ್ಯಾಂಪಲ್ ನೋಡಿ ಇಡೀ ರಾಶಿಯ ಬಗ್ಗೆ ತೀರ್ಮಾನಕ್ಕೆ ಬರುವ ಇನ್ಫರೆನ್ಸ್, ಓದಿರುವುದಕ್ಕೆ ಸಾಕಷ್ಟು ಪುರಾವೆ ಇಲ್ಲ. ನನಗೆ ಸಿಟ್ಟು ಬಂತು. ಎಸ್ಟಿಮೇಶನ್, ಟೆಸ್ಟಿಂಗ್ ಎರಡನ್ನೂ ಎರಡು ಸೆಮಿಸ್ಟರ್ ಅರೆದು ಕುಡಿದವಳು ನಾನು. ಪುರಾವೆ ಇಲ್ಲವಂತೆ! ರಾತ್ರಿ ಮಾರ್ಕ್ಸ್ ಕಾರ್ಡ್ ತೆಗೆದು ನೋಡಿದೆ. ಅದರಲ್ಲಿ ಬರೆದಿದ್ದದ್ದು ಇಷ್ಟು: ‘ಸ್ಟ್ಯಾಟಿಸ್ಟಿಕ್ಸ್, ಪೇಪರ್ ಐದು’. ಅದರ ಮುಂದೆ ಅಂಕ. ಅವರು ಹೇಳಿದ್ದು ಸರಿಯೇ. ಪೇಪರ್ ಐದರಲ್ಲಿ ಏನಿತ್ತು ಅಂತ ನನಗೆ ಗೊತ್ತು, ನಮ್ಮ ಮೇಷ್ಟ್ರಿಗೆ ಗೊತ್ತು, ಆ ಸಮಿತಿಗೆ ಹೇಗೆ ಗೊತ್ತಾಗಬೇಕು?

ಆ ಪೇಪರ್ ಐದರಲ್ಲಿ ಇದ್ದದ್ದು ಏನು ಗೊತ್ತೇ? ಕ್ರಾಮೆರ್–ರಾವ್ ಅಸಮಾನತೆ, ರಾವ್–ಬ್ಲ್ಯಾಕ್‌ವೆಲ್ ಪ್ರಮೇಯ. ಎರಡೂ ಇನ್ಫರೆನ್ಸ್‌ನ ಅಡಿಪಾಯ. ಆ ರಾವ್ ಯಾರು? ಸಿ. ಆರ್. ರಾವ್, 1920ರಲ್ಲಿ ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ. ನಿಮ್ಮೂರಿಂದ ಹರಪನಹಳ್ಳಿ ದಾಟಿದರೆ ಹಡಗಲಿ. 1945ರಲ್ಲಿ, ಇಪ್ಪತ್ತೈದೂ ತುಂಬದ ವಯಸ್ಸಿನಲ್ಲಿ, ಆ ಫಲಿತಾಂಶ ಪ್ರಕಟಿಸಿದವರು. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದು ಅದೇ ವರ್ಷ ತೀರಿಕೊಂಡರು. ಜರ್ಮನಿಯ ಯಾವ ಸಂಖ್ಯಾಶಾಸ್ತ್ರ ಪ್ರಾಧ್ಯಾಪಕರಿಗೂ ಆ ಹೆಸರನ್ನು ಪರಿಚಯಿಸಬೇಕಿಲ್ಲ. ಹಡಗಲಿಯವರ ಹೆಸರು ಅವರ ಪಠ್ಯಪುಸ್ತಕದಲ್ಲಿ ಇದೆ, ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಇರಲಿಲ್ಲ.

ಮರುವರ್ಷ ನಾನು ಮಾಡಿದ ದೊಡ್ಡ ಬದಲಾವಣೆ ಒಂದೇ. ಹನ್ನೊಂದು ಪುಟದ ಒಂದು ಕೋಷ್ಟಕ ಮಾಡಿದೆ. ಜರ್ಮನ್ ವಿಶ್ವವಿದ್ಯಾಲಯಗಳು ಪ್ರತಿ ಕೋರ್ಸಿಗೂ ‘ಮೊಡ್ಯೂಲ್‌ಹಾಂಡ್‌ಬುಖ್’ ಅಂತ ಒಂದು ಕೈಪಿಡಿ ಇಡುತ್ತವೆ. ಯಾವ ವಿಷಯ, ಎಷ್ಟು ಗಂಟೆ, ಯಾವ ಪಠ್ಯ, ಪರೀಕ್ಷೆ ಹೇಗೆ, ಎಲ್ಲವೂ ಅದರಲ್ಲಿ ಇರುತ್ತದೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದಬಹುದು. ಅದೇ ಅಚ್ಚಿನಲ್ಲಿ ನನ್ನ ಒಂದೊಂದು ಪೇಪರನ್ನೂ ಬರೆದೆ. ಪೇಪರ್ ಐದರ ಎದುರು: ವಾರಕ್ಕೆ ನಾಲ್ಕು ಗಂಟೆ ಪಾಠ, ಮೂರು ಗಂಟೆ ಪ್ರಾಕ್ಟಿಕಲ್, ಸಫಿಶಿಯನ್ಸಿ, ಮ್ಯಾಕ್ಸಿಮಮ್ ಲೈಕ್ಲಿಹುಡ್, ಕ್ರಾಮೆರ್–ರಾವ್ ಮಿತಿ, ನೇಮನ್–ಪಿಯರ್ಸನ್ ಲೆಮ್ಮಾ, ಬಳಸಿದ ಪಠ್ಯಪುಸ್ತಕಗಳು, ಲಿಖಿತ ಪರೀಕ್ಷೆ ಮೂರು ಗಂಟೆ. ಸಿಲಬಸ್ ಪ್ರತಿಗೆ ಕಾಲೇಜಿನ ಮೊಹರು ಹಾಕಿಸಿ ಜೊತೆಗಿಟ್ಟೆ. ಪ್ರಾಂಶುಪಾಲರು ಹನ್ನೊಂದು ಪುಟಕ್ಕೂ ಸಹಿ ಹಾಕುತ್ತಾ ‘ಏನಮ್ಮ, ಗದ್ದೆ ರಿಜಿಸ್ಟ್ರಿ ಮಾಡಿಸ್ತಿದ್ದೀಯಾ?’ ಅಂದರು. ಆ ವರ್ಷ ಮೂರು ಕಡೆ ಸೀಟು ಸಿಕ್ಕಿತು. ಅಂಕಗಳು ಹಿಂದಿನ ವರ್ಷದವೇ, ಒಂದೂ ಹೆಚ್ಚಾಗಿರಲಿಲ್ಲ.

ಈಗ ಅವರ ಕೊಳಗದ ವಿಚಾರ. ಯುರೋಪಿನಲ್ಲಿ ಓದನ್ನು ಅಳೆಯುವುದು ಇಸಿಟಿಎಸ್ ಅನ್ನುವ ಕ್ರೆಡಿಟ್‌ಗಳಲ್ಲಿ. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ಕೆಲಸ. ಪಾಠ ಕೇಳುವುದು, ಮನೆಯಲ್ಲಿ ಲೆಕ್ಕ ಬಿಡಿಸುವುದು, ಪರೀಕ್ಷೆಗೆ ಕೂರುವುದು ಎಲ್ಲ ಸೇರಿ. ವರ್ಷಕ್ಕೆ 60. ಅಲ್ಲಿನ ಬ್ಯಾಚುಲರ್ ಪದವಿ ಸಾಮಾನ್ಯವಾಗಿ ಮೂರು ವರ್ಷ, 180 ಕ್ರೆಡಿಟ್. ನಮ್ಮ ಬಿಎಸ್‌ಸಿಯೂ ಮೂರು ವರ್ಷ. ಹಾಗಾಗಿ ‘ನಮ್ಮದು ಮೂರೇ ವರ್ಷ, ತಗೋತಾರಾ?’ ಅನ್ನುವ ಭಯ ಅಷ್ಟಾಗಿ ಬೇಡ. ಕೆಲವು ಕೋರ್ಸುಗಳು 210 ಕೇಳುತ್ತವೆ, ಅವುಗಳ ಶರತ್ತು ಓದಿಕೊಳ್ಳಿ. ನಿಮ್ಮ ವಿಶ್ವವಿದ್ಯಾಲಯ ‘ಅನಾಬಿನ್’ ಅನ್ನುವ ಅವರ ಸರ್ಕಾರಿ ದತ್ತಾಂಶ ಕೋಶದಲ್ಲಿ ‘ಎಚ್ ಪ್ಲಸ್’ (ಮಾನ್ಯತೆ ಇದೆ) ಅಂತ ಇದೆಯೇ ನೋಡಿಕೊಳ್ಳುವುದು ಮೊದಲ ದಿನದ ಕೆಲಸ. ಎರಡು ನಿಮಿಷ ಸಾಕು. ಎಷ್ಟೋ ಜನ ಆ ಎರಡು ನಿಮಿಷ ಉಳಿಸಲು ಹೋಗಿ ಏಜೆಂಟರಿಗೆ ಸಾವಿರಗಟ್ಟಲೆ ಕೊಡುತ್ತಾರೆ.

ನಿಜವಾದ ತೊಂದರೆ ಇರುವುದು ಬೇರೆ ಕಡೆ. ನಮ್ಮಲ್ಲಿ ಮೂರು ಮೇಜರ್‌ಗಳ ಕಾಂಬಿನೇಶನ್. ಎಕನಾಮಿಕ್ಸ್, ಮ್ಯಾಥ್ಸ್, ಸ್ಟ್ಯಾಟ್ಸ್. ಇಲ್ಲವೇ ಮ್ಯಾಥ್ಸ್, ಸ್ಟ್ಯಾಟ್ಸ್, ಕಂಪ್ಯೂಟರ್ ಸೈನ್ಸ್. ಭಾಷೆಗಳು, ಸಂವಿಧಾನ, ಪರಿಸರ ಅಧ್ಯಯನ ಎಲ್ಲ ಕಳೆದು ಉಳಿದದ್ದನ್ನು ಮೂರು ಪಾಲು ಮಾಡಿದರೆ ಸಂಖ್ಯಾಶಾಸ್ತ್ರಕ್ಕೆ ಸಿಗುವುದು ಒಂದು ಪಾಲು. ಮಾಸ್ಟರ್ಸ್‌ಗೆ ಅವರು ‘ಸಂಖ್ಯಾಶಾಸ್ತ್ರದಲ್ಲಿ ಇಷ್ಟು, ಗಣಿತದಲ್ಲಿ ಇಷ್ಟು ಕ್ರೆಡಿಟ್ ಇರಬೇಕು’ ಅಂತ ಗೆರೆ ಎಳೆದಿರುತ್ತಾರೆ. ಗೆರೆ ಎಲ್ಲಿ ಅನ್ನುವುದು ಒಂದೊಂದು ವಿಶ್ವವಿದ್ಯಾಲಯಕ್ಕೆ ಒಂದೊಂದು ಥರ. ಹಲವು ಕಡೆ ಲೆಕ್ಕ ಹಾಕುವುದು ಹೀಗೆ: ನಿಮ್ಮ ಇಡೀ ಪದವಿ 140 ಕ್ರೆಡಿಟ್ ಅಂದುಕೊಳ್ಳಿ. ಅದನ್ನು 180ಕ್ಕೆ ಹಿಗ್ಗಿಸುತ್ತಾರೆ. ಆಗ ನಿಮ್ಮ ನಾಲ್ಕು ಕ್ರೆಡಿಟ್‌ನ ಪೇಪರ್ ಅಲ್ಲಿ ಐದಕ್ಕಿಂತ ಸ್ವಲ್ಪ ಹೆಚ್ಚಾಗುತ್ತದೆ.

ಕಾಂಬಿನೇಶನ್‌ನಿಂದ ಅನುಕೂಲವೂ ಇದೆ. ಅವರ ಸಂಖ್ಯಾಶಾಸ್ತ್ರ ಗಣಿತದ ಮೇಲೆ ನಿಂತಿದೆ. ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ ಓದಿದವರಿಗೆ ಅಲ್ಲಿ ಮೊದಲ ಸೆಮಿಸ್ಟರ್ ಉಸಿರು ಕಟ್ಟಿಸುವುದಿಲ್ಲ. ಇಂಜಿನಿಯರಿಂಗ್ ಮುಗಿಸಿ ‘ಡೇಟಾ ಸೈನ್ಸ್‌ಗೆ ಹೋಗ್ತೀನಿ’ ಅನ್ನುವವರು ಇಲ್ಲಿ ಮುಗ್ಗರಿಸುತ್ತಾರೆ. ಎಂ1ರಿಂದ ಎಂ4ರವರೆಗೆ ನಾಲ್ಕು ಮ್ಯಾಥ್ಸ್ ಪೇಪರ್ ಇರುತ್ತವೆ, ನಿಜ. ಪ್ರಾಬಬಿಲಿಟಿ, ಸ್ಯಾಂಪ್ಲಿಂಗ್ ಬರುವುದು ಎಲ್ಲೋ ಕೊನೆಯ ಒಂದೆರಡು ಯೂನಿಟ್‌ಗಳಲ್ಲಿ, ಅದನ್ನೂ ಚಾಯ್ಸ್‌ನಲ್ಲಿ ಬಿಟ್ಟಿರುತ್ತಾರೆ. ಮೆಷಿನ್ ಲರ್ನಿಂಗ್ ಸರ್ಟಿಫಿಕೇಟ್ ಹತ್ತು ಇದ್ದರೂ ಆ ಖಾಲಿ ಜಾಗ ತುಂಬುವುದಿಲ್ಲ.

ಅಂಕ ಬದಲಿಸುವ ಲೆಕ್ಕದ ಮೇಲೆ ನನಗೆ ತಕರಾರಿದೆ, ಸ್ವಲ್ಪ ಹೊತ್ತು ಅದರ ಮೇಲೆ ನಿಲ್ಲುತ್ತೇನೆ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಅಂದರೆ ಕಷ್ಟಪಟ್ಟು ಪಾಸ್. ನಮಗೆ ತಲೆಕೆಳಗು. ಬದಲಿಸಲು ‘ಪರಿಷ್ಕೃತ ಬವೇರಿಯನ್ ಸೂತ್ರ’ ಅಂತ ಒಂದಿದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಗರಿಷ್ಠದಿಂದ ಪಾಸ್ ಅಂಕ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಸಿಜಿಪಿಎ 8.2, ಗರಿಷ್ಠ 10, ಪಾಸ್ 4 ಆದರೆ 1.9 ಬರುತ್ತದೆ. ಒಳ್ಳೆಯ ದರ್ಜೆ.

ಈಗ ಶೇಕಡಾವಾರು ತಗೊಳ್ಳಿ. ನಿಮಗೆ 72. ಪಾಸ್ 35 ಇದ್ದರೆ ಸುಮಾರು 2.3. ಪಾಸ್ 40 ಇದ್ದರೆ 2.4. ಪಾಸ್ 50 ಇದ್ದರೆ 2.7ರ ಹತ್ತಿರ. ಗಮನಿಸಿದಿರಾ? ಅಂಕ ಬದಲಾಗಿಲ್ಲ. ನಿಮ್ಮ ವಿಶ್ವವಿದ್ಯಾಲಯ ಹೆಚ್ಚು ಬಿಗಿಯಾಗಿ ಪಾಸ್ ಮಿತಿ ಇಟ್ಟಷ್ಟೂ ಜರ್ಮನಿಯಲ್ಲಿ ನಿಮ್ಮ ದರ್ಜೆ ಇಳಿಯುತ್ತದೆ. ಆ ಸೂತ್ರಕ್ಕೆ ಮೂರೇ ಸಂಖ್ಯೆ ಕಾಣುತ್ತದೆ. ಉಳಿದವರೆಲ್ಲ ಎಷ್ಟು ತೆಗೆದರು ಅನ್ನುವ ಹಂಚಿಕೆ ಕಾಣುವುದೇ ಇಲ್ಲ. ತರಗತಿಗೆ ಮೊದಲಿಗರೇ 74 ತೆಗೆದ ಕಡೆ 72 ತೆಗೆದವಳೂ, ಎಲ್ಲರೂ 90 ತೆಗೆದ ಕಡೆ 72 ತೆಗೆದವನೂ ಅದಕ್ಕೆ ಒಂದೇ. ಗಣಿತಜ್ಞ ಗಾಸ್ ಹುಟ್ಟಿದ ದೇಶದಲ್ಲಿ ಹೀಗಾ? ಯೂರೊ ಬರುವ ಮೊದಲು ಅವರ 10 ಮಾರ್ಕಿನ ನೋಟಿನ ಮೇಲೆ ಗಾಸ್‌ನ ಚಿತ್ರವೂ ಹಂಚಿಕೆ ತೋರಿಸುವ ಗಂಟೆಯಾಕಾರದ ಆ ರೇಖೆಯೂ ಇದ್ದವು. ನೋಟಿನ ಮೇಲೆ ಡಿಸ್ಟ್ರಿಬ್ಯೂಶನ್ ಅಚ್ಚು ಹಾಕಿದವರು ಅರ್ಜಿ ನೋಡುವಾಗ ಅದನ್ನು ಕೈಬಿಟ್ಟರಲ್ಲ ಅಂತ ಬೇಸರವಾಗುತ್ತದೆ. ಇರಲಿ. ನೀವು ಮಾಡಬಹುದಾದದ್ದು ಇಷ್ಟು: ಪಾಸ್ ಮಿತಿ ಎಷ್ಟು ಅನ್ನುವುದನ್ನು ವಿಶ್ವವಿದ್ಯಾಲಯದಿಂದ ಬರವಣಿಗೆಯಲ್ಲಿ ತಗೊಳ್ಳಿ. ರ‍್ಯಾಂಕ್ ಪಟ್ಟಿ ಇದ್ದರೆ ಅದನ್ನೂ. ಶಿಫಾರಸು ಪತ್ರ ಬರೆಯುವ ಮೇಷ್ಟ್ರಿಗೆ ‘ತುಂಬಾ ಒಳ್ಳೆಯ ಹುಡುಗಿ’ ಅಂತ ಬರೆಯಬೇಡಿ, ‘ಅರವತ್ತು ಜನರಲ್ಲಿ ಎರಡನೆಯವಳು’ ಅಂತ ಬರೆಯಿರಿ ಅಂತ ಕೇಳಿಕೊಳ್ಳಿ.

ಎಲ್ಲಿಗೆ ಹಾಕಬೇಕು? ಸಂಖ್ಯಾಶಾಸ್ತ್ರಕ್ಕೇ ಒಂದು ಪ್ರತ್ಯೇಕ ಫ್ಯಾಕಲ್ಟಿ ಇರುವುದು ಡಾರ್ಟ್‌ಮುಂಡ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ, 1973ರಿಂದ. ಮ್ಯೂನಿಕ್‌ನ ಲುಡ್ವಿಗ್ ಮ್ಯಾಕ್ಸಿಮಿಲಿಯನ್ ವಿಶ್ವವಿದ್ಯಾಲಯದಲ್ಲಿ ದೊಡ್ಡ ಸಂಖ್ಯಾಶಾಸ್ತ್ರ ಸಂಸ್ಥೆ ಇದೆ. ಇಂಗ್ಲಿಷಿನಲ್ಲಿ ಮಾಸ್ಟರ್ಸ್ ಇದೆ. ಬರ್ಲಿನ್‌ನಲ್ಲಿ ಹುಂಬೋಲ್ಟ್, ಫ್ರೀ ಯೂನಿವರ್ಸಿಟಿ, ತಾಂತ್ರಿಕ ವಿಶ್ವವಿದ್ಯಾಲಯ ಮೂರೂ ಸೇರಿ ಒಂದು ಮಾಸ್ಟರ್ಸ್ ನಡೆಸುತ್ತವೆ. ಸಮೀಕ್ಷೆ, ಜನಗಣತಿಯ ಕಡೆ ಒಲವಿದ್ದರೆ ಟ್ರಿಯರ್, ಬಾಂಬೆರ್ಗ್ ನೋಡಿ. ನಾನು ಓದಿದ್ದು ಗೋಟಿಂಗೆನ್‌ನಲ್ಲಿ. ಗಾಸ್ ಬದುಕಿದ, ಅವನ ಸಮಾಧಿ ಇರುವ ಊರು. 18ನೇ ಶತಮಾನದಲ್ಲಿ ‘ಸ್ಟಾಟಿಸ್ಟಿಕ್’ ಅನ್ನುವ ಪದವನ್ನು ಚಾಲ್ತಿಗೆ ತಂದ ಗಾಟ್‌ಫ್ರೀಡ್ ಆಖೆನ್‌ವಾಲ್ ಪಾಠ ಮಾಡಿದ್ದೂ ಅಲ್ಲೇ. ಆಗ ಅದರ ಅರ್ಥ ರಾಜ್ಯಗಳ ವರ್ಣನೆ ಅಂತ. ಅಂಕಿಗಳಿಗೆ ಅದರಲ್ಲಿ ಅಷ್ಟು ಜಾಗ ಇರಲಿಲ್ಲ.

ದುಡ್ಡಿನ ಮಾತು ಬಂದೇ ಬರುತ್ತದೆ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರಿಗೆ ನೂರರಿಂದ ನಾನೂರು ಯೂರೊ ಒಳಗಿನ ಒಂದು ವಂತಿಗೆ ಕೊಡಬೇಕು. ಎರಡು ಅಪವಾದ ನೆನಪಿಡಿ. ಬಾಡೆನ್ ವ್ಯೂರ್ಟೆಂಬೆರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಹಾಕುತ್ತದೆ. ಹೈಡೆಲ್‌ಬೆರ್ಗ್, ಮಾನ್‌ಹೈಮ್, ಟ್ಯೂಬಿಂಗೆನ್ ಎಲ್ಲ ಅದರೊಳಗೆ ಬರುತ್ತವೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024–25ರಿಂದ ಹೊಸದಾಗಿ ಸೇರುವ ಹೊರಗಿನವರಿಗೆ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ರಿಂದ 6,000 ಯೂರೊ ಕೇಳುತ್ತಿದೆ. ಅದೇ ಊರಿನ ಇನ್ನೊಂದು ವಿಶ್ವವಿದ್ಯಾಲಯ ಕೇಳುವುದಿಲ್ಲ. ಹಾಗಾಗಿ ‘ಮ್ಯೂನಿಕ್’ ಅಂತ ಊರಿನ ಹೆಸರಷ್ಟೇ ನೋಡಿ ನಿರ್ಧರಿಸಬೇಡಿ.

ಶುಲ್ಕ ಇಲ್ಲ ಅಂದರೆ ಪುಕ್ಕಟೆ ಅಂತಲ್ಲ. ವೀಸಾಕ್ಕೆ ಮೊದಲು ಒಂದು ವರ್ಷದ ಖರ್ಚನ್ನು ‘ಬ್ಲಾಕ್ಡ್ ಅಕೌಂಟ್’ನಲ್ಲಿ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೊ. ತಿಂಗಳಿಗೆ 992ರಂತೆ ಅವರೇ ನಿಮಗೆ ಬಿಡುಗಡೆ ಮಾಡುತ್ತಾರೆ. ನಿಮ್ಮ ದುಡ್ಡೇ, ಆದರೆ ಒಂದೇ ಸಲ ಹನ್ನೊಂದು ಹನ್ನೆರಡು ಲಕ್ಷ ಹೊಂದಿಸಬೇಕು. ಈ ಮೊತ್ತವನ್ನು ಆಗಾಗ ಏರಿಸುತ್ತಾರೆ, ಅರ್ಜಿ ಹಾಕುವ ತಿಂಗಳಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ. ಮುಂದಿನ ಸಾಲಿನಲ್ಲಿ ಕೂತ ಅಪ್ಪ ಒಬ್ಬರು ಕೇಳಿದರು: ‘ಅಲ್ಲೇ ದುಡಿದು ತೀರಿಸಬಹುದಾ ಮೇಡಂ?’ ವಿದ್ಯಾರ್ಥಿಗಳಿಗೆ ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ ಕೆಲಸ ಮಾಡಲು ಅವಕಾಶ ಇದೆ. ಅದರಿಂದ ಊಟ, ಬಾಡಿಗೆಗೆ ನೆರವಾಗುತ್ತದೆ. ಊರಿನ ಸಾಲ ತೀರಿಸುತ್ತೇನೆ ಅಂತ ಹೊರಟರೆ ಓದು ಹಿಂದೆ ಬೀಳುತ್ತದೆ. ಮೊದಲ ಸೆಮಿಸ್ಟರ್ ಯಾವ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬೇಡಿ ಅಂತ ಆ ಅಪ್ಪನಿಗೆ ಹೇಳಿದೆ. ಅವರ ಮುಖ ಸ್ವಲ್ಪ ಬಾಡಿತು. ಸುಳ್ಳು ಹೇಳಿ ಅರಳಿಸುವುದಕ್ಕಿಂತ ಅದೇ ವಾಸಿ.

ಕಾಗದಪತ್ರದ ವಿಷಯ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳು ವೀಸಾಕ್ಕೆ ಎಪಿಎಸ್ ಪ್ರಮಾಣಪತ್ರ ತರಬೇಕು. ನಿಮ್ಮ ಮಾರ್ಕ್ಸ್ ಕಾರ್ಡುಗಳು ಅಸಲಿಯೇ ಅಂತ ದೆಹಲಿಯ ಒಂದು ಕಚೇರಿ ಪರಿಶೀಲಿಸಿ ಕೊಡುವ ಪತ್ರ ಅದು. ಶುಲ್ಕ 18,000 ರೂಪಾಯಿ. ನಾನು ಹೋಗುವಾಗ ಇದು ಇರಲಿಲ್ಲ. ಈಗ ಅನೇಕ ವಿಶ್ವವಿದ್ಯಾಲಯಗಳು ಅರ್ಜಿಯ ಹಂತದಲ್ಲೇ ಅದನ್ನು ಕೇಳುತ್ತವೆ, ಹಾಗಾಗಿ ಎಲ್ಲಕ್ಕಿಂತ ಮೊದಲು ಇದಕ್ಕೆ ಹಾಕಿ. ಕೆಲವು ವಿಶ್ವವಿದ್ಯಾಲಯಗಳು ಅರ್ಜಿಯನ್ನು ನೇರವಾಗಿ ತಗೊಳ್ಳುತ್ತವೆ. ಕೆಲವು ‘ಉನಿ ಅಸಿಸ್ಟ್’ ಅನ್ನುವ ಮಧ್ಯದ ಸಂಸ್ಥೆಯ ಮೂಲಕ. ಅಲ್ಲಿ ಮೊದಲ ಅರ್ಜಿಗೆ 75 ಯೂರೊ, ಅದೇ ಸೆಮಿಸ್ಟರಿನ ಮುಂದಿನ ಪ್ರತಿಯೊಂದಕ್ಕೂ 30. ಚಳಿಗಾಲದ ಸೆಮಿಸ್ಟರ್ ಶುರುವಾಗುವುದು ಅಕ್ಟೋಬರ್‌ನಲ್ಲಿ. ಹೊರದೇಶದವರಿಗೆ ಕೊನೆಯ ದಿನಾಂಕ ಹಲವು ಕಡೆ ವಸಂತದಲ್ಲೇ ಮುಗಿಯುತ್ತದೆ. ನಮ್ಮಲ್ಲಿ ಆರನೇ ಸೆಮಿಸ್ಟರ್ ಫಲಿತಾಂಶ ಯಾವಾಗ ಬರುತ್ತದೆ ಅನ್ನುವುದು ಆ ದೇವರಿಗೇ ಗೊತ್ತು. ಐದು ಸೆಮಿಸ್ಟರಿನ ಅಂಕಪಟ್ಟಿಯ ಮೇಲೆ ಅರ್ಜಿ ತಗೊಳ್ಳುತ್ತಾರೆಯೇ ಅಂತ ಮೊದಲೇ ಇಮೇಲ್ ಮಾಡಿ ಕೇಳಿ. ಜರ್ಮನ್ನರು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತಾರೆ, ಆದರೆ ಕೊಡುತ್ತಾರೆ.

ಇನ್ನೊಂದು, ಅಪ್ಪಟ ನಮ್ಮ ತಾಪತ್ರಯ: ಹೆಸರು. ನಮ್ಮಲ್ಲಿ ಸರ್‌ನೇಮ್ ಇಲ್ಲದವರೇ ಹೆಚ್ಚು, ಇನಿಶಿಯಲ್‌ನಲ್ಲೇ ಬದುಕು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಹೆಸರಿನ ಹಿಂದೆ ಎರಡು ಅಕ್ಷರ, ಪದವಿ ಕಾರ್ಡಿನಲ್ಲಿ ಹೆಸರಿನ ಮುಂದೆ ಒಂದೇ ಅಕ್ಷರ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ಅಪ್ಪನ ಹೆಸರೂ ಬಿಡಿಸಿ ಬರೆದದ್ದು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇತ್ತು. ಜರ್ಮನ್ ನಮೂನೆಯಲ್ಲಿ ‘ನಾಖ್‌ನಾಮೆ’ ತುಂಬದಿದ್ದರೆ ಮುಂದಿನ ಪುಟಕ್ಕೇ ಹೋಗುವುದಿಲ್ಲ. ಒಂದು ಕಡೆ ನನ್ನ ಹೆಸರನ್ನೇ ಎರಡು ಸಲ ಬರೆದೆ, ಇನ್ನೊಂದು ಕಡೆ ಅಡ್ಡಗೆರೆ ಹಾಕಿದೆ. ಎರಡೂ ಬೇರೆ ಬೇರೆ ವ್ಯಕ್ತಿ ಅಂತ ಎಣಿಸಿ ಒಂದು ಅರ್ಜಿ ತಿಂಗಳುಗಟ್ಟಲೆ ನಿಂತಿತು. ಗೋಟಿಂಗೆನ್‌ನಲ್ಲಿ ಮನೆ ಸೇರಿದಾಗ ಅಂಚೆಪೆಟ್ಟಿಗೆಯ ಮೇಲೆ ಅಂಟಿಸಿದ್ದದ್ದು ನಮ್ಮಪ್ಪನ ಹೆಸರು. ಎರಡು ವರ್ಷ ಪೋಸ್ಟ್‌ಮ್ಯಾನ್ ನನ್ನನ್ನು ‘ಫ್ರಾವ್ ರುದ್ರಪ್ಪ’ ಅಂತಲೇ ಕರೆದ. ಪಾಸ್‌ಪೋರ್ಟ್ ಇನ್ನೂ ಮಾಡಿಸದವರು ಎಲ್ಲ ಕಾಗದದಲ್ಲೂ ಹೆಸರು ಒಂದೇ ಥರ ಇರುವಂತೆ ಮಾಡಿಕೊಂಡು ಆಮೇಲೆ ಮುಂದುವರಿಯಿರಿ.

ಪಿಯುಸಿ ಮುಗಿಸಿ ನೇರ ಅಲ್ಲಿನ ಬ್ಯಾಚುಲರ್‌ಗೆ ಹೋಗಬಹುದೇ ಅಂತ ಒಬ್ಬ ಹುಡುಗ ತನ್ನ ತಮ್ಮನಿಗಾಗಿ ಕೇಳಿದ. ಬರೀ ಪಿಯುಸಿ ಸಾಕಾಗುವುದಿಲ್ಲ. ಇಲ್ಲಿ ಒಂದು ವರ್ಷ ಪದವಿ ಓದಿ ಪಾಸಾಗಿದ್ದರೆ ಅದೇ ವಿಷಯಕ್ಕೆ ದಾರಿ ತೆರೆಯುತ್ತದೆ; ಜೆಇಇ ಅಡ್ವಾನ್ಸ್ಡ್ ಪಾಸಾದವರಿಗೂ ದಾರಿ ಇದೆ; ಇಲ್ಲದಿದ್ದರೆ ಅಲ್ಲಿಯ ‘ಸ್ಟುಡಿಯೆನ್‌ಕೊಲೆಗ್’ನಲ್ಲಿ ಪೂರ್ವಸಿದ್ಧತೆಯ ವರ್ಷ. ಬ್ಯಾಚುಲರ್ ಪಾಠ ಬಹುತೇಕ ಜರ್ಮನ್‌ನಲ್ಲೇ. ಇಲ್ಲಿ ಬಿಎಸ್‌ಸಿ ಮುಗಿಸಿ ಹೋಗಲಿ ಅಂತ ನನ್ನ ಅಭಿಪ್ರಾಯ.

ಭಾಷೆ ಬೇಕೇ ಅನ್ನುವ ಪ್ರಶ್ನೆಗೆ ಏಜೆಂಟರು ‘ಬೇಡ, ಇಂಗ್ಲಿಷ್ ಕೋರ್ಸ್’ ಅನ್ನುತ್ತಾರೆ. ಸೀಟು ಸಿಗಲು ಬೇಡ, ನಿಜ. ಆದರೆ ಸಂಖ್ಯಾಶಾಸ್ತ್ರ ಬೇರೆಯವರ ದತ್ತಾಂಶದೊಡನೆ ಬದುಕುವ ವಿದ್ಯೆ. ಮ್ಯೂನಿಕ್‌ನಲ್ಲಿ ವಿದ್ಯಾರ್ಥಿಗಳನ್ನೇ ಸೇರಿಸಿಕೊಂಡು ಬೇರೆ ವಿಭಾಗಗಳಿಗೆ ಸಲಹೆ ಕೊಡುವ ಸಂಖ್ಯಾಶಾಸ್ತ್ರ ಪ್ರಯೋಗಾಲಯವೇ ಇದೆ. ಸಲಹೆ ಕೇಳಲು ಬರುವ ವೈದ್ಯರು, ಕೃಷಿ ಸಂಶೋಧಕರು ತಮ್ಮ ತೊಂದರೆಯನ್ನು ಯಾವ ಭಾಷೆಯಲ್ಲಿ ಹೇಳುತ್ತಾರೆ? ನನ್ನ ಮೊದಲ ಪ್ರಾಜೆಕ್ಟಿನಲ್ಲಿ ಒಬ್ಬ ವೈದ್ಯೆ ನಕ್ಷೆಯ ಮೇಲೆ ಬೆರಳಿಟ್ಟು ‘ಔಸ್‌ರೈಸರ್’ ಅಂದರು. ಮನೆ ಬಿಟ್ಟು ಓಡಿಹೋಗುವ ಮಗುವಿಗೂ ಅದೇ ಪದ. ನಾನು ಯಾವುದೋ ರೋಗಿ ಆಸ್ಪತ್ರೆಯಿಂದ ಓಡಿಹೋದ ಅಂದುಕೊಂಡು ಆ ಸಾಲನ್ನೇ ತೆಗೆದುಹಾಕಿದೆ. ಅವರು ಹೇಳಿದ್ದು ‘ಔಟ್‌ಲೈಯರ್’, ಗುಂಪಿನಿಂದ ಆಚೆ ನಿಂತ ಬಿಂದು. ಅದನ್ನು ಪರೀಕ್ಷಿಸಿ ನೋಡು ಅಂದದ್ದಷ್ಟೇ, ತೆಗೆ ಅಂದಿರಲಿಲ್ಲ. ಮರುದಿನ ಸಾಲನ್ನು ವಾಪಸ್ ಹಾಕಿ, ಸಂಜೆ ಭಾಷಾ ತರಗತಿಗೆ ಸೇರಿದೆ. ಬೆಂಗಳೂರಿನ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಹೊರಡುವ ಮೊದಲೇ ಕಲಿಯಬಹುದಿತ್ತು. ಓದು ಮುಗಿದ ಮೇಲೆ ಕೆಲಸ ಹುಡುಕಲು ಹದಿನೆಂಟು ತಿಂಗಳು ಉಳಿಯಲು ಬಿಡುತ್ತಾರೆ. ಆ ಹದಿನೆಂಟು ತಿಂಗಳಲ್ಲಿ ಜರ್ಮನ್ ಬರುವವರಿಗೂ ಬಾರದವರಿಗೂ ಇರುವ ವ್ಯತ್ಯಾಸವನ್ನು ನನ್ನ ಸಹಪಾಠಿಗಳಲ್ಲೇ ಕಂಡಿದ್ದೇನೆ.

ಪರೀಕ್ಷೆ ಬಗ್ಗೆ ಒಂದು ಮಾತು. ಅಲ್ಲಿ ಪಾಸಿಂಗ್ ಪ್ಯಾಕೇಜ್ ಇಲ್ಲ, ಇಂಪಾರ್ಟೆಂಟ್ ಕ್ವೆಶ್ಚನ್ಸ್ ಇಲ್ಲ. ಕಡ್ಡಾಯ ವಿಷಯದಲ್ಲಿ ಸಾಮಾನ್ಯವಾಗಿ ಮೂರು ಅವಕಾಶ. ಮೂರನೆಯದರಲ್ಲೂ ಹೋದರೆ ಹೆಸರು ತೆಗೆಯುತ್ತಾರೆ, ಬೇರೆ ಊರಿಗೆ ಹೋಗಿ ಅದೇ ಕೋರ್ಸಿಗೆ ಸೇರುವುದಕ್ಕೂ ಅಡ್ಡಿಯಾಗುತ್ತದೆ. ನನಗೆ ಇಷ್ಟವಾದದ್ದು ‘ಐನ್‌ಜಿಖ್ಟ್’ ಅನ್ನುವ ಪದ್ಧತಿ: ಫಲಿತಾಂಶ ಬಂದಮೇಲೆ ಒಂದು ದಿನ ನಿಮ್ಮ ಉತ್ತರಪತ್ರಿಕೆಯನ್ನು ನಿಮ್ಮ ಮುಂದಿಡುತ್ತಾರೆ. ಇಲ್ಲಿ ಒಂದು ಅಂಕ ಯಾಕೆ ಕಳೆದಿರಿ ಅಂತ ನೀವು ಕೇಳಬಹುದು. ನಾನು ಒಮ್ಮೆ ಕೇಳಿ ಎರಡು ಅಂಕ ಪಡೆದೆ, ಇನ್ನೊಮ್ಮೆ ಕೇಳಿ ನನ್ನದೇ ತಪ್ಪು ಅಂತ ತಿಳಿದುಕೊಂಡು ಬಂದೆ.

ಈ ಕೋರ್ಸ್ ಯಾಕೆ ಬೇಕು ಅಂತ ಹೇಳುವ ಮೋಟಿವೇಶನ್ ಪತ್ರದಲ್ಲಿ ‘ಚಿಕ್ಕಂದಿನಿಂದ ನನಗೆ ಸಂಖ್ಯೆಗಳೆಂದರೆ ಪ್ರೀತಿ’ ಅಂತ ಬರೆಯಬೇಡಿ. ಎಲ್ಲರ ಪ್ರೀತಿಯೂ ಅದೇ ವಾಕ್ಯದಲ್ಲಿದೆ. ನೀವು ಕೈಯಾರೆ ಮುಟ್ಟಿದ ದತ್ತಾಂಶ ಯಾವುದು, ಅದರಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಅದನ್ನು ಬಿಡಿಸಲು ಏನು ಗೊತ್ತಿಲ್ಲ ಅಂತ ಅನ್ನಿಸಿತು, ಆ ಗೊತ್ತಿಲ್ಲದ್ದು ಅವರ ಯಾವ ಮೊಡ್ಯೂಲಿನಲ್ಲಿದೆ, ಅದನ್ನು ಬರೆಯಿರಿ. ಒಂದು ಪುಟ ಸಾಕು.

ಮಾತು ಮುಗಿಸಿ ಇಳಿದಾಗ ಒಬ್ಬ ಹುಡುಗಿ ಮಾರ್ಕ್ಸ್ ಕಾರ್ಡುಗಳ ಫೈಲ್ ಹಿಡಿದು ನಿಂತಿದ್ದಳು. ಲೆಕ್ಕ ಆಗಲೇ ಹಾಕಿಕೊಂಡು ಬಂದಿದ್ದಳು. ಅವಳು ನೋಡಿದ್ದ ಕೋರ್ಸಿನಲ್ಲಿ ಸಂಖ್ಯಾಶಾಸ್ತ್ರದ್ದೇ 30 ಕೇಳಿದ್ದರು. ಅವಳ ಪದವಿ 140 ಕ್ರೆಡಿಟ್, ಅದರಲ್ಲಿ ಸಂಖ್ಯಾಶಾಸ್ತ್ರ 22. ‘28 ಚಿಲ್ಲರೆ ಆಗ್ತದೆ ಮೇಡಂ, ಬರಲ್ಲ’ ಅಂದಳು. ಲೆಕ್ಕ ಸರಿಯಾಗಿತ್ತು. ಕಾರ್ಡುಗಳನ್ನು ತಿರುವಿ ಹಾಕಿದೆ. ಆರನೇ ಸೆಮಿಸ್ಟರಿನ ಕೆಳಗೆ ‘ಪ್ರಾಜೆಕ್ಟ್ ವರ್ಕ್, 2’ ಅಂತ ಇತ್ತು.

‘ಇದನ್ನ ಯಾಕೆ ಬಿಟ್ಟೆ?’

‘ಅದು ಬರೀ ಪ್ರಾಜೆಕ್ಟ್ ಅಂತಿದೆ ಮೇಡಂ. ಯಾವ ಸಬ್ಜೆಕ್ಟಿಗೂ ಸೇರಲ್ಲ.’

‘ಏನ್ ಮಾಡಿದ್ದೆ ಅದರಲ್ಲಿ?’

‘ಇಲ್ಲೇ ಯಾರ್ಡಿನಲ್ಲಿ ಮೆಕ್ಕೆಜೋಳದ ರೇಟು ತಗೊಂಡು ಟೈಮ್ ಸೀರೀಸ್. ಮೂರು ವರ್ಷದ್ದು, ದಿನದ ರೇಟು. ತೇವಾಂಶನೂ ಸೇರಿಸಿ ರಿಗ್ರೆಶನ್ ಹಾಕಿದ್ದೆ.’

24ನ್ನು 9ರಿಂದ ಗುಣಿಸಿ 7ರಿಂದ ಭಾಗಿಸು ಅಂದೆ. ಫೈಲಿನ ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದಳು: 30.86.